ಅಜ್ಜನ ತೋಟ ಉಪಗ್ರಹದ ಕಣ್ಣಿಗೆ ಕಾಡು!

ಕಳೆದ ಬೇಸಿಗೆಯಲ್ಲಿ ಕಾಲೇಜಿನ ಪ್ರಾಜೆಕ್ಟ್‌ಗೆಂದು ನಮ್ಮೂರಿನ ನಕ್ಷೆ ಮಾಡುತ್ತಾ ಮನೆಯ ಚಾವಡಿಯಲ್ಲಿ ಕೂತಿದ್ದೆ. ನಮ್ಮೂರು ಕಾರ್ಕಳದಿಂದ ಬಜಗೋಳಿ ದಾಟಿ ಘಟ್ಟದ ಕಡೆಗೆ ಹೋಗುವ ದಾರಿಯಲ್ಲಿದೆ. ಉಪಗ್ರಹ ತೆಗೆದ ಚಿತ್ರವನ್ನು ಸಾಫ್ಟ್‌ವೇರಿಗೆ ಕೊಟ್ಟು ಎಲ್ಲಿ ಕಾಡು, ಎಲ್ಲಿ ಗದ್ದೆ, ಎಲ್ಲಿ ಕಟ್ಟಡ, ಎಲ್ಲಿ ನೀರು ಎಂದು ಬಣ್ಣ ಹಚ್ಚಿಸುವುದು ನನ್ನ ಕೆಲಸ. ಕೊನೆಗೂ ನಕ್ಷೆ ಮೂಡಿದಾಗ ಪರದೆಯ ಮುಕ್ಕಾಲು ಪಾಲು ಕಡು ಹಸಿರು. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಜ್ಜ ಕೈ ಒರೆಸಿಕೊಂಡು ಬಂದು ಇಣುಕಿದರು.

“ಎಂತ ಮಗಾ ಅದು ಹಸಿರು?”

“ಕಾಡು ಅಜ್ಜ.”

“ನಮ್ಮ ಮನೆ ಎಲ್ಲುಂಟು ತೋರಿಸು.”

ತೋರಿಸಿದೆ. ಅದೂ ಹಸಿರಿನೊಳಗೇ ಇತ್ತು. ಅಜ್ಜ ಒಮ್ಮೆ ಪರದೆ ನೋಡಿದರು, ಒಮ್ಮೆ ಮನೆಯ ಕೆಳಗಿನ ತೋಟ ನೋಡಿದರು. “ಹಾಗಾದರೆ ನಾವು ಇಷ್ಟು ವರ್ಷ ಕಾಡಲ್ಲಿ ಕೂತದ್ದಾ? ನೀರು ಹೊತ್ತು ಮಾಡಿದ ತೋಟ ಎಲ್ಲಿ ಹೋಯಿತು?”

ಆಗ ನಗು ಬಂತು. ರಾತ್ರಿ ಯೋಚಿಸಿದಾಗ ನಗು ಬರಲಿಲ್ಲ. ನನ್ನದು ಅಂಕಕ್ಕಾಗಿ ಮಾಡಿದ ನಕ್ಷೆ, ತಪ್ಪಾದರೆ ತಿದ್ದಬಹುದು. ಆದರೆ ಇಂಥದ್ದೇ ವಿಧಾನದಲ್ಲಿ ತಯಾರಾದ ನಕ್ಷೆಗಳ ಮೇಲೆ ಸರ್ಕಾರಗಳು ಅಧಿಸೂಚನೆ ಹೊರಡಿಸುತ್ತವೆ, ನ್ಯಾಯಾಲಯಗಳು ತೀರ್ಪು ಕೊಡುತ್ತವೆ, ಜನ ಬೀದಿಗೆ ಇಳಿಯುತ್ತಾರೆ. ಆ ನಕ್ಷೆಯನ್ನು ಓದಲು ನಮಗೆಷ್ಟು ಮಂದಿಗೆ ಬರುತ್ತದೆ?

ಪಟ್ಟಿಯಲ್ಲಿ ನಮ್ಮ ಹಳ್ಳಿಗಳು

2024ರ ಜುಲೈ 31ರಂದು ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕುರಿತು ಕರಡು ಅಧಿಸೂಚನೆ ಹೊರಡಿಸಿತು. 2014ರಿಂದ ಲೆಕ್ಕ ಹಾಕಿದರೆ ಇದು ಆರನೆಯದು. ಆರು ರಾಜ್ಯಗಳ ಸುಮಾರು 56,825 ಚದರ ಕಿ.ಮೀ. ಇದರೊಳಗೆ ಬರುತ್ತದೆ. ಅದರಲ್ಲಿ ಕರ್ನಾಟಕದ್ದೇ ಅತಿ ಹೆಚ್ಚು, 20,668 ಚದರ ಕಿ.ಮೀ. ಕಾರ್ಕಳ, ಹೆಬ್ರಿ ತಾಲ್ಲೂಕುಗಳಲ್ಲಿ ಘಟ್ಟದ ಬುಡಕ್ಕಿರುವ ಹಳ್ಳಿಗಳೂ ಪಟ್ಟಿಯಲ್ಲಿವೆ. ಎರಡು ತಿಂಗಳೊಳಗೆ, ಅದೇ ಸೆಪ್ಟೆಂಬರ್‌ನಲ್ಲಿ, ರಾಜ್ಯ ಸಚಿವ ಸಂಪುಟ ಈ ಕರಡಿಗೆ ಮೂಲವಾದ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸುವ ತೀರ್ಮಾನ ಮಾಡಿತು.

ಹತ್ತು ವರ್ಷಗಳಿಂದ ನಮ್ಮೂರಿನ ಕಡೆ ಈ ವಿಷಯ ಬಂದಾಗಲೆಲ್ಲ ನಡೆಯುವುದು ಒಂದೇ ರೀತಿ. ಒಬ್ಬರು “ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರೆ” ಎನ್ನುತ್ತಾರೆ. ಇನ್ನೊಬ್ಬರು “ಘಟ್ಟ ಉಳಿಯಬೇಕಾದರೆ ಇದು ಬೇಕೇ ಬೇಕು” ಎನ್ನುತ್ತಾರೆ. ಕರಡಿನಲ್ಲಿ ಇರುವುದು ಮುಖ್ಯವಾಗಿ ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಕೆಂಪು ವರ್ಗದ ಕೈಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ ಹಾಗೂ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳ ಮೇಲಿನ ನಿರ್ಬಂಧ. ಆಸ್ತಿಯ ಒಡೆತನ ಬದಲಾಯಿಸಲು ಅಡ್ಡಿಯಿಲ್ಲ ಎಂದೂ ಅದರಲ್ಲೇ ಇದೆ. ಆದರೂ ಭಯ ಹೋಗಿಲ್ಲ. ನನಗನಿಸುವಂತೆ ಆ ಭಯದ ಬೇರು ನಿಯಮಗಳಲ್ಲಿ ಮಾತ್ರ ಇಲ್ಲ. “ನಮ್ಮ ಜಾಗವನ್ನು ಯಾರೋ ಎಲ್ಲಿಂದಲೋ ನೋಡಿ, ನಮ್ಮನ್ನು ಕೇಳದೆ, ಅದಕ್ಕೊಂದು ಹೆಸರಿಟ್ಟರು” ಎಂಬ ಭಾವನೆಯಲ್ಲೂ ಇದೆ.

ಹೆಸರಿಟ್ಟದ್ದು ಹೇಗೆ? ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿ ಘಟ್ಟವನ್ನು ಸುಮಾರು 9 ಕಿ.ಮೀ. ಉದ್ದ, 9 ಕಿ.ಮೀ. ಅಗಲದ ಚೌಕಗಳಾಗಿ ಹಂಚಿತ್ತು. ಒಂದು ಚೌಕದೊಳಗೆ ಎಷ್ಟೋ ಗ್ರಾಮಗಳು ಬಂದುಬಿಡುತ್ತವೆ. ಆದರೆ ಆ ವರದಿ ಅಂತಿಮ ತೀರ್ಮಾನ ಗ್ರಾಮಸಭೆಗಳ ಚರ್ಚೆಯ ನಂತರವೇ ಆಗಬೇಕು ಎಂದಿತ್ತು. 2013ರಲ್ಲಿ ಬಂದ ಕಸ್ತೂರಿರಂಗನ್ ಸಮಿತಿ ಭಾರತದ್ದೇ ಉಪಗ್ರಹದ ಲಿಸ್-3 ಕ್ಯಾಮೆರಾದ ಚಿತ್ರಗಳನ್ನು ಬಳಸಿತು. ಅದರಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 24 ಮೀಟರ್ ಚೌಕ. ಮನುಷ್ಯ ಬೆಳೆಸಿದ ಭೂಮಿ ಯಾವುದು, ಸಹಜ ಭೂಮಿ ಯಾವುದು ಎಂದು ವಿಂಗಡಿಸಿ, ಗ್ರಾಮವನ್ನೇ ಘಟಕವಾಗಿ ಹಿಡಿದು ಪಟ್ಟಿ ಮಾಡಿತು. 2025ರ ಏಪ್ರಿಲ್ 25ರಂದು ತೀರಿಕೊಂಡ ಕೆ. ಕಸ್ತೂರಿರಂಗನ್ ಇಸ್ರೋ ಅಧ್ಯಕ್ಷರಾಗಿದ್ದವರು, ಭೂಮಿಯನ್ನು ಗಮನಿಸುವ ನಮ್ಮ ಮೊದಲ ಉಪಗ್ರಹಗಳಾದ ಭಾಸ್ಕರ-1 ಮತ್ತು 2ರ ಯೋಜನಾ ನಿರ್ದೇಶಕರು. ಅಂದರೆ ದೇಶದಲ್ಲಿ ಈ ವಿದ್ಯೆ ಚೆನ್ನಾಗಿ ಬಲ್ಲವರೇ ಮಾಡಿದ ಕೆಲಸ ಅದು. ಆದರೂ ಊರಿನಲ್ಲಿ ಒಪ್ಪಿಗೆ ಸಿಗಲಿಲ್ಲ.

ಐದು ಸೆಂಟ್ಸ್ ಮನೆ, ಹದಿಮೂರು ಸೆಂಟ್ಸ್ ಚುಕ್ಕೆ

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಾಗದ ಅಳತೆ ಸೆಂಟ್ಸ್. ಲಿಸ್-3 ಚಿತ್ರದ ಒಂದು ಚುಕ್ಕೆ, ಅಂದರೆ ಪಿಕ್ಸೆಲ್, ಸುಮಾರು 13 ಸೆಂಟ್ಸ್‌ಗಿಂತಲೂ ದೊಡ್ಡದು. ಐದು ಸೆಂಟ್ಸ್‌ನಲ್ಲಿ ಕಟ್ಟಿದ ಮನೆ, ಅದರ ಹಿಂದಿನ ಬಾವಿ, ಪಕ್ಕದ ನಾಲ್ಕು ತೆಂಗಿನಮರ, ಹಟ್ಟಿ, ಗೊಬ್ಬರದ ಗುಂಡಿ ಎಲ್ಲ ಸೇರಿ ಒಂದೇ ಬಣ್ಣ. 1972ರಿಂದ ಭೂಮಿಯ ಚಿತ್ರ ತೆಗೆಯುತ್ತಾ ಬಂದಿರುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಈಗಿನ ಉಪಗ್ರಹಗಳ ಪಿಕ್ಸೆಲ್ 30 ಮೀಟರ್, ಅಂದರೆ 22 ಸೆಂಟ್ಸ್. 2015ರಲ್ಲಿ ಬಂದ ಯುರೋಪಿನ ಸೆಂಟಿನೆಲ್-2ರದ್ದು 10 ಮೀಟರ್, ಎರಡೂವರೆ ಸೆಂಟ್ಸ್‌ನಷ್ಟು. ನಾನು ಬಳಸಿದ್ದು ಇದನ್ನೇ. ಇದು ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಸಾಫ್ಟ್‌ವೇರ್ ಕೂಡ ಉಚಿತ. ಕ್ಯೂಜಿಐಎಸ್ ಎಂಬುದು ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸಿದ ಮುಕ್ತ ತಂತ್ರಾಂಶ. ಗ್ರಾಸ್ ಎಂಬ ಇನ್ನೊಂದು 1980ರ ದಶಕದಿಂದಲೂ ಇದೆ. ಗೂಗಲ್‌ನ ಅರ್ತ್ ಎಂಜಿನ್ ಇದ್ದರೆ ಚಿತ್ರ ಇಳಿಸಿಕೊಳ್ಳುವ ತಾಪತ್ರಯವೂ ಇಲ್ಲ, ಲೆಕ್ಕ ಅವರ ಕಂಪ್ಯೂಟರಿನಲ್ಲೇ ಆಗುತ್ತದೆ. ಇಪ್ಪತ್ತೈದು ವರ್ಷಗಳ ಹಿಂದೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಿದ್ದ ಕೆಲಸ ಇಂದು ಕಾರ್ಕಳದ ಒಂದು ಚಾವಡಿಯಲ್ಲಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಗುತ್ತದೆ.

ಯಂತ್ರ ನೋಡುವ ಬಗೆ ನಮ್ಮದಕ್ಕಿಂತ ಬೇರೆ. ಎಲೆಯಲ್ಲಿರುವ ಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕನ್ನು ಎಲೆ ಹಿಂದಕ್ಕೆ ಚೆಲ್ಲುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. 1ರ ಹತ್ತಿರ ಹೋದಷ್ಟೂ ದಟ್ಟ ಹಸಿರು, ಸೊನ್ನೆಯ ಹತ್ತಿರ ಬೋಳು ನೆಲ, ನೀರಾದರೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಇದಕ್ಕೆ ಎನ್‌ಡಿವಿಐ ಎನ್ನುತ್ತಾರೆ. ಅಷ್ಟರಿಂದಲೇ ಯಂತ್ರಕ್ಕೆ ಕಾಡು ಯಾವುದು, ತೋಟ ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೆ ನಾವು ಉದಾಹರಣೆ ಕೊಡಬೇಕು. “ಇಗೋ ಈ ಜಾಗ ಕಾಡು, ಈ ಜಾಗ ಗದ್ದೆ, ಇದು ಕಟ್ಟಡ” ಎಂದು ಚಿತ್ರದ ಮೇಲೆ ಗುರುತು ಹಾಕಿ ತೋರಿಸಬೇಕು. ಆ ಗುರುತುಗಳ ಬಣ್ಣದ ಲಕ್ಷಣ ಕಲಿತು ಉಳಿದ ಲಕ್ಷಾಂತರ ಪಿಕ್ಸೆಲ್‌ಗಳಿಗೆ ಅದು ಹೆಸರಿಡುತ್ತಾ ಹೋಗುತ್ತದೆ.

ನನ್ನ ತಪ್ಪು ಅಲ್ಲೇ ಇತ್ತು. ಹಾಸ್ಟೆಲ್ ಕೋಣೆಯಲ್ಲಿ ಕೂತು ಗುರುತು ಹಾಕಿದ್ದೆ. ಕಾಡಿಗೆ ಗುರುತು ಕೊಟ್ಟಿದ್ದೆ, ಗದ್ದೆಗೆ ಕೊಟ್ಟಿದ್ದೆ, ರಸ್ತೆ ಕಟ್ಟಡಗಳಿಗೆ ಕೊಟ್ಟಿದ್ದೆ. ಅಡಿಕೆ ತೋಟಕ್ಕೆ ಒಂದನ್ನೂ ಕೊಟ್ಟಿರಲಿಲ್ಲ. ‘ತೋಟ’ ಎಂಬ ವರ್ಗವೇ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಇಲ್ಲದ ಹೆಸರನ್ನು ಯಂತ್ರ ಎಲ್ಲಿಂದ ತರಬೇಕು? ಅದು ಹತ್ತಿರದ ಹೆಸರು ಕೊಟ್ಟಿತು: ಕಾಡು. ತೋಟದ ನಡುವೆ ಹುಟ್ಟಿ ಬೆಳೆದ ನನಗೇ ಈ ಮರೆವು ಆಗಿದ್ದರೆ, ಕಾರ್ಕಳವನ್ನು ಕಂಡೇ ಇರದವರಿಗೆ ಆಗುವುದರಲ್ಲಿ ಆಶ್ಚರ್ಯವಿಲ್ಲ.

ಹೊದಿಕೆ ಬೇರೆ, ಬಳಕೆ ಬೇರೆ

ಈ ವಿಷಯದಲ್ಲಿ ಎಲ್ಲ ಗೊಂದಲದ ಮೂಲ ಎರಡು ಪದಗಳು. ಭೂಮಿಯ ಹೊದಿಕೆ ಎಂದರೆ ಮೇಲಿಂದ ನೋಡಿದಾಗ ಏನು ಕಾಣುತ್ತದೆಯೋ ಅದು: ಮರ, ಹುಲ್ಲು, ನೀರು, ಬಂಡೆ. ಭೂಮಿಯ ಬಳಕೆ ಎಂದರೆ ಜನ ಅದನ್ನು ಯಾವುದಕ್ಕೆ ಬಳಸುತ್ತಾರೋ ಅದು: ತೋಟ, ಗದ್ದೆ, ಕುಮ್ಕಿ, ಗೋಮಾಳ, ಮೀಸಲು ಅರಣ್ಯ. ಉಪಗ್ರಹಕ್ಕೆ ಮೊದಲನೆಯದು ಮಾತ್ರ ಕಾಣುತ್ತದೆ. ಎರಡನೆಯದನ್ನು ಊಹಿಸಬೇಕು, ಇಲ್ಲವೇ ಕೇಳಿ ತಿಳಿಯಬೇಕು.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಎರಡು ವರ್ಷಕ್ಕೊಮ್ಮೆ ಎಂಬಂತೆ ದೇಶದ ಅರಣ್ಯ ಹೊದಿಕೆಯ ವರದಿ ಕೊಡುತ್ತಿದೆ. ಅದರ ವ್ಯಾಖ್ಯೆಯನ್ನು ಒಮ್ಮೆ ಓದಿ: ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಾದ, ಮರಗಳ ನೆರಳು ಶೇ. 10ರಷ್ಟು ಅಥವಾ ಅದಕ್ಕಿಂತ ಹೆಚ್ಚಿರುವ ಯಾವುದೇ ಭೂಮಿ ಅರಣ್ಯ ಹೊದಿಕೆಯೇ. ಯಾರ ಒಡೆತನ, ಯಾವ ಜಾತಿಯ ಮರ, ಕಾನೂನಿನಲ್ಲಿ ಆ ಭೂಮಿಗೆ ಏನು ಹೆಸರು ಎಂಬುದು ಲೆಕ್ಕಕ್ಕಿಲ್ಲ. ಹಾಗಾಗಿ ಎರಡೂವರೆ ಎಕರೆಯ ರಬ್ಬರ್ ತೋಟವೂ, ಗೇರು ತೋಪೂ, ತೆಂಗಿನ ತೋಟವೂ, ಅಕೇಶಿಯಾ ನೆಡುತೋಪೂ, ಕುದುರೆಮುಖದ ಶೋಲಾ ಕಾಡೂ ಒಂದೇ ಲೆಕ್ಕದಲ್ಲಿ ಸೇರಬಹುದು. ಇದು ಗುಟ್ಟಲ್ಲ, ವರದಿಯಲ್ಲೇ ಹೇಳಿದ್ದಾರೆ. ಆದರೆ ಟಿ.ವಿ.ಯ ಸುದ್ದಿಯಲ್ಲಿ ಬರುವಾಗ “ದೇಶದ ಕಾಡು ಹೆಚ್ಚಾಯಿತು” ಎಂದಷ್ಟೇ ಬರುತ್ತದೆ.

2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ವರದಿಯ ಪ್ರಕಾರ ದೇಶದ ಅರಣ್ಯ ಮತ್ತು ಮರಗಳ ಹೊದಿಕೆ 8,27,357 ಚದರ ಕಿ.ಮೀ., ಒಟ್ಟು ಭೂಭಾಗದ ಶೇ. 25.17. ಹಿಂದಿನ ವರದಿಗಿಂತ 1,445 ಚದರ ಕಿ.ಮೀ. ಏರಿಕೆ. ಅದೇ ವರದಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಹತ್ತು ವರ್ಷಗಳಲ್ಲಿ ಸುಮಾರು 58 ಚದರ ಕಿ.ಮೀ. ಅರಣ್ಯ ಹೊದಿಕೆ ಕಡಿಮೆಯಾಗಿದೆ ಎಂದೂ ಹೇಳುತ್ತದೆ. ಎರಡೂ ಒಂದೇ ಪುಸ್ತಕದಲ್ಲಿವೆ. ಯಾವುದನ್ನು ಓದಿ ಹೇಳುತ್ತೇವೆ ಎಂಬುದರ ಮೇಲೆ ಸುದ್ದಿ ಬದಲಾಗುತ್ತದೆ.

ಹೆಸರು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಡೀಮ್ಡ್ ಅರಣ್ಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ‘ಅರಣ್ಯ’ ಎಂಬ ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು ಎಂದಿತು. ಆ ಬಳಿಕ ಕರ್ನಾಟಕದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಪಟ್ಟಿಗೆ ಸೇರಿತು. 2022ರ ಮೇ ತಿಂಗಳಲ್ಲಿ ಅದನ್ನು ಸುಮಾರು 3.30 ಲಕ್ಷ ಹೆಕ್ಟೇರ್‌ಗೆ ಇಳಿಸಲಾಯಿತು. ಈ ಎರಡು ಪಟ್ಟಿಗಳ ನಡುವಿನ ಅಂತರ ಕೊಡಲಿಯಿಂದ ಆದದ್ದಲ್ಲ. ಬದಲಾದದ್ದು ವಿಂಗಡಣೆ.

ಹಸಿರು ಹೆಚ್ಚಿತು, ಗದ್ದೆ ಹೋಯಿತು

ತುಳುನಾಡಿನ ಹಿರಿಯರು ಗದ್ದೆಯನ್ನು ಬರೀ ಗದ್ದೆ ಎನ್ನಲಿಲ್ಲ. ತಗ್ಗಿನಲ್ಲಿ ವರ್ಷವಿಡೀ ತೇವ ಇರುವುದು ಬೈಲು, ಅದರಲ್ಲಿ ಮೂರು ಬೆಳೆ. ಅದಕ್ಕಿಂತ ಮೇಲಿನದು ಮಜಲು, ಎರಡು ಬೆಳೆ. ಎತ್ತರದಲ್ಲಿ ಮಳೆಯನ್ನೇ ನಂಬಿರುವುದು ಬೆಟ್ಟು, ಒಂದೇ ಬೆಳೆ. ಮಳೆಗಾಲದ ಬೆಳೆ ಏಣೇಲು, ನಂತರದ್ದು ಸುಗ್ಗಿ, ಬೇಸಿಗೆಯದ್ದು ಕೊಳಕೆ. ಭೂಮಿಯ ಎತ್ತರ, ನೀರು, ಋತು ಮೂರನ್ನೂ ಸೇರಿಸಿದ ಇಷ್ಟು ಅಚ್ಚುಕಟ್ಟಾದ ವರ್ಗೀಕರಣವನ್ನು ನಾನು ಯಾವ ಜಾಗತಿಕ ನಕ್ಷೆಯಲ್ಲೂ ನೋಡಿಲ್ಲ. ಗೂಗಲ್ ಮತ್ತು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಹೊರತಂದ ‘ಡೈನಾಮಿಕ್ ವರ್ಲ್ಡ್’ ಇಡೀ ಜಗತ್ತನ್ನು ಒಂಬತ್ತು ವರ್ಗಗಳಲ್ಲಿ ಹಂಚುತ್ತದೆ. ಅದರಲ್ಲಿ ಹಿಮಕ್ಕೆ ಒಂದು ವರ್ಗ ಇದೆ. ಅಡಿಕೆ ತೋಟಕ್ಕೆ ಇಲ್ಲ. ಅದು ‘ಮರಗಳು’ ಎಂಬುದರೊಳಗೆ ಹೋಗುತ್ತದೆ.

ಇದರ ಪರಿಣಾಮ ನೋಡಿ. ಕೂಲಿ ಆಳು ಸಿಗದೆ, ಭತ್ತ ಗಿಟ್ಟದೆ, ಅಡಿಕೆಗೆ ಬೆಲೆ ಬಂದದ್ದರಿಂದ ನಮ್ಮ ಕಡೆ ಬೈಲು ಗದ್ದೆಗಳು ತೋಟವಾಗುತ್ತಿವೆ. ಗದ್ದೆ ಎಂದರೆ ಮಳೆನೀರು ನಿಂತು ಇಂಗುವ ಜಾಗ, ಏಡಿ ಮೀನು ಕೊಕ್ಕರೆಗಳ ಜಾಗ, ಮನೆಯ ಅಕ್ಕಿ, ದನಕ್ಕೆ ಬೈಹುಲ್ಲು. ಅದನ್ನು ಮಣ್ಣು ತುಂಬಿಸಿ ಸಸಿ ನೆಟ್ಟರೆ, ಕೆಲವೇ ವರ್ಷಗಳಲ್ಲಿ ಉಪಗ್ರಹದ ನಕ್ಷೆಯಲ್ಲಿ ಅಲ್ಲಿ ಹಸಿರು ಏರುತ್ತದೆ. ಹಳೆಯ ನಕ್ಷೆ, ಹೊಸ ನಕ್ಷೆ ಪಕ್ಕ ಇಟ್ಟು ಕಳೆದರೆ ‘ಮರದ ಹೊದಿಕೆಯಲ್ಲಿ ಹೆಚ್ಚಳ’ ಎಂದು ಬರುತ್ತದೆ. ಯಂತ್ರ ಸುಳ್ಳು ಹೇಳಿಲ್ಲ. ಆದರೆ ಊರಿಗೆ ಆದ ನಷ್ಟ ಅದರ ಲೆಕ್ಕದಲ್ಲಿ ಲಾಭವಾಗಿ ಕಾಣುತ್ತದೆ.

ಇದಕ್ಕೆ ತದ್ವಿರುದ್ಧ ನಮ್ಮ ಮುರಕಲ್ಲಿನ ಪಾದೆಗಳದು. ಬೇಸಿಗೆಯಲ್ಲಿ ಬೋಳು ಬಂಡೆ, ಕಾಲಿಟ್ಟರೆ ಸುಡುತ್ತದೆ. ಮಳೆ ಬಿದ್ದು ಆಗಸ್ಟ್ ಹೊತ್ತಿಗೆ ಅದೇ ಪಾದೆಯ ಮೇಲೆ ನೀಲಿ ಬಿಳಿ ಹೂವಿನ ಹಾಸು, ಅದರಲ್ಲಿ ಹುಳ ಹಿಡಿದು ಬದುಕುವ ಪುಟ್ಟ ಸಸ್ಯಗಳೂ ಇರುತ್ತವೆ. ಆದರೆ ಮೋಡವಿಲ್ಲದ ಚಿತ್ರ ಸಿಗುವುದು ಬೇಸಿಗೆಯಲ್ಲಿ. ಹಾಗಾಗಿ ನಕ್ಷೆಯಲ್ಲಿ ಪಾದೆಗೆ ಸಿಗುವ ಹೆಸರು ಬಂಜರು, ಪಾಳುಭೂಮಿ. ಪಾಳು ಎಂದು ಬರೆದ ಜಾಗಕ್ಕೆ ಯೋಜನೆ ತರುವುದು ಸುಲಭ, ಯಾರೂ ಕೇಳುವುದಿಲ್ಲ.

ಮೋಡದ ಕೆಳಗಿನ ನಾಲ್ಕು ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಕಳದ ಮೇಲೆ ಹಾದುಹೋಗುವ ಸಾಮಾನ್ಯ ಉಪಗ್ರಹಕ್ಕೆ ಕಾಣುವುದು ಹೆಚ್ಚಾಗಿ ಬಿಳಿ ಮೋಡ. ನಮ್ಮ ಭೂಮಿ ಅತಿ ಹೆಚ್ಚು ಬದಲಾಗುವುದು ಆಗಲೇ: ಏಣೇಲು ನಾಟಿ, ತೋಡಿನ ಪ್ರವಾಹ, ಗುಡ್ಡ ಕುಸಿತ. ಸೆಂಟಿನೆಲ್-2ರ ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಬಂದರೂ ಮಳೆಗಾಲದಲ್ಲಿ ಒಂದು ಒಳ್ಳೆಯ ಚಿತ್ರಕ್ಕೆ ವಾರಗಟ್ಟಲೆ ಕಾಯಬೇಕು. ಜನವರಿಯ ಚಿತ್ರ ಹಿಡಿದು ಕೂತರೆ ಬೆಟ್ಟು ಗದ್ದೆ ಖಾಲಿ ನೆಲವಾಗಿ ಕಾಣುತ್ತದೆ, ಅಲ್ಲಿ ಮಳೆಗಾಲದಲ್ಲಿ ಬೆಳೆ ಇತ್ತು ಎಂಬುದು ತಿಳಿಯುವುದೇ ಇಲ್ಲ.

ಇದಕ್ಕೆ ಪರಿಹಾರ ರೇಡಾರ್. ಅದು ತಾನೇ ತರಂಗ ಕಳಿಸಿ ಮರಳಿ ಬಂದದ್ದನ್ನು ಅಳೆಯುತ್ತದೆ, ಹಾಗಾಗಿ ಮೋಡವೂ ರಾತ್ರಿಯೂ ಅಡ್ಡಿಯಲ್ಲ. ನೀರು ನಿಂತ ಗದ್ದೆ ಅದರ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ಪೈರು ಏಳುತ್ತಾ ಹೋದಂತೆ ಬೆಳಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಇಂಥದ್ದು. ನಾಸಾದ ಒಂದು ರೇಡಾರ್, ಇಸ್ರೋದ ಒಂದು ರೇಡಾರ್ ಎರಡೂ ಅದರಲ್ಲಿವೆ. 12 ದಿನಕ್ಕೊಮ್ಮೆ ಅದೇ ಜಾಗವನ್ನು ಮತ್ತೆ ನೋಡುತ್ತದೆ. ಎಲೆಗಳ ಮರೆ ದಾಟಿ ಕೆಳಗಿನದ್ದನ್ನೂ ಸ್ವಲ್ಪ ಮಟ್ಟಿಗೆ ಗ್ರಹಿಸುವ ಉದ್ದ ತರಂಗ ಅದರಲ್ಲಿದೆ. ಋತುವನ್ನು ಬಳಸಿಕೊಳ್ಳುವ ಉಪಾಯವೂ ಇದೆ. ರಬ್ಬರ್ ಮರ ಡಿಸೆಂಬರ್–ಫೆಬ್ರವರಿ ನಡುವೆ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ, ನಿತ್ಯಹರಿದ್ವರ್ಣದ ಕಾಡು ಹಾಗೆ ಮಾಡುವುದಿಲ್ಲ. ವರ್ಷವಿಡೀ ಚಿತ್ರ ಜೋಡಿಸಿ ನೋಡಿದರೆ ರಬ್ಬರ್ ಬೇರೆಯಾಗಿ ಸಿಕ್ಕಿಬೀಳುತ್ತದೆ. ಒಂದು ದಿನದ ಚಿತ್ರದಿಂದ ಇಡೀ ವರ್ಷದ ತೀರ್ಪು ಕೊಡಬಾರದು ಎಂಬುದೇ ಇಲ್ಲಿನ ಪಾಠ.

ಕೇರಳ ಎಡವಿ ಕಲಿತದ್ದು

ನಮ್ಮ ಪಕ್ಕದ ಕೇರಳ ಇದನ್ನು ಎರಡು ಸಲ ಅನುಭವಿಸಿದೆ. ಕಸ್ತೂರಿರಂಗನ್ ವರದಿ ಬಂದಾಗ ಅಲ್ಲಿ 13,108 ಚದರ ಕಿ.ಮೀ. ಪಟ್ಟಿಯಲ್ಲಿತ್ತು. ಪ್ರತಿಭಟನೆ ಜೋರಾದಾಗ ಸರ್ಕಾರ ಉಮ್ಮನ್ ವಿ. ಉಮ್ಮನ್ ನೇತೃತ್ವದ ಸಮಿತಿ ಮಾಡಿತು. ಜನವಸತಿ, ಕೃಷಿ ಭೂಮಿ, ತೋಟಗಳನ್ನು ಊರಿನ ಮಟ್ಟದಲ್ಲಿ ಗುರುತಿಸಿ ಬೇರ್ಪಡಿಸಿದ ಮೇಲೆ ಅದು 9,993.7 ಚದರ ಕಿ.ಮೀ. ಆಯಿತು. ಕೇಂದ್ರದ ಕರಡುಗಳೂ ಈ ಸಂಖ್ಯೆಯನ್ನೇ ಹಿಡಿದವು. ಪೂರ್ತಿ ಬೇಡ ಎನ್ನಲಿಲ್ಲ, ನಕ್ಷೆಯನ್ನು ತಿದ್ದಿ ತಂದರು. ಆ ತಿದ್ದುಪಡಿ ಎಷ್ಟು ಸರಿ ಎಂಬ ಬಗ್ಗೆ ವಾದ ಇರಬಹುದು. ಆದರೆ ವಾದ ನಕ್ಷೆಯ ಮೇಲೆ ನಡೆಯಿತು.

ಎರಡನೆಯದು 2022ರದು. ಸಂರಕ್ಷಿತ ಅರಣ್ಯಗಳ ಸುತ್ತ ಒಂದು ಕಿ.ಮೀ. ಬಫರ್ ವಲಯ ಇರಬೇಕೆಂದು ಜೂನ್ 3ರಂದು ಸುಪ್ರೀಂ ಕೋರ್ಟ್ ಹೇಳಿದಾಗ, ಆ ವಲಯದಲ್ಲಿ ಎಷ್ಟು ಕಟ್ಟಡಗಳಿವೆ ಎಂದು ಕೇರಳದ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರದಿಂದ ಎಣಿಸಿತು. ಸುಮಾರು 49 ಸಾವಿರ ಸಿಕ್ಕಿತು. ಡಿಸೆಂಬರ್‌ನಲ್ಲಿ ವರದಿ ಹೊರಬಂದಾಗ ಜನ ತಮ್ಮ ಮನೆ ಹುಡುಕಿದರು. ಎಷ್ಟೋ ಮನೆಗಳು ಇರಲಿಲ್ಲ, ಮರದ ನೆರಳಿನಲ್ಲಿ ಮುಚ್ಚಿಹೋಗಿದ್ದವು. ಗಲಾಟೆಯಾಯಿತು. ಕೊನೆಗೆ ಪಂಚಾಯತಿಗಳ ಮೂಲಕ ಸ್ಥಳಕ್ಕೇ ಹೋಗಿ, ಮೊಬೈಲ್ ಆ್ಯಪ್‌ನಲ್ಲಿ ಒಂದೊಂದೇ ಕಟ್ಟಡ ಗುರುತಿಸಬೇಕಾಯಿತು. ತೆಂಗು, ಹಲಸು, ಮಾವಿನ ನೆರಳಿನ ನಮ್ಮ ಹೆಂಚಿನ ಮನೆಗಳ ಕಥೆಯೂ ಇದಕ್ಕಿಂತ ಬೇರೆಯಾಗುವುದಿಲ್ಲ.

ಹಾಗೆಂದು ಕಣ್ಣು ಮುಚ್ಚಬೇಕೆ?

ಇಷ್ಟು ಓದಿದವರು “ಹಾಗಾದರೆ ಉಪಗ್ರಹದ ನಕ್ಷೆಯನ್ನೇ ನಂಬಬಾರದು” ಎಂದುಕೊಂಡರೆ ನಾನು ಬರೆದದ್ದು ವ್ಯರ್ಥ. ಆ ವಾದದಿಂದ ಲಾಭ ಅಜ್ಜನಂಥವರಿಗಲ್ಲ, ಗುಡ್ಡ ಅಗೆಯುವವರಿಗೆ.

ಗೂಗಲ್ ಅರ್ತ್‌ನ ಟೈಮ್‌ಲ್ಯಾಪ್ಸ್ ತೆರೆದು ಕುದುರೆಮುಖಕ್ಕೆ ಹೋಗಿ. 1984ರಿಂದ ವರ್ಷ ವರ್ಷವೂ ಗಣಿಯ ಕೆಂಪು ಗಾಯ ಹೇಗೆ ಹಿಗ್ಗಿತು, ಲಕ್ಯಾ ಅಣೆಕಟ್ಟಿನ ಹಿಂದೆ ಹೂಳು ಹೇಗೆ ತುಂಬಿತು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತ ಮೇಲೆ ಏನಾಯಿತು ಎಲ್ಲ ಕಾಣುತ್ತದೆ. ಪಡುಬಿದ್ರಿ ಕಡೆಗೆ ಸರಿದರೆ ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರ ಎದ್ದು ನಿಂತದ್ದು ಕಾಣುತ್ತದೆ. ಮಣಿಪಾಲದ ಗುಡ್ಡ ಊರಾದದ್ದು ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ಇಂಥ ಚಿತ್ರಗಳನ್ನು ವಿಶ್ಲೇಷಿಸಿ, ಉತ್ತರ ಕನ್ನಡದಲ್ಲಿ ನಿತ್ಯಹರಿದ್ವರ್ಣ ಹಾಗೂ ಅರೆ ನಿತ್ಯಹರಿದ್ವರ್ಣ ಕಾಡು 1973ರಲ್ಲಿ ಜಿಲ್ಲೆಯ ಶೇ. 67.73 ಇದ್ದದ್ದು 2013ಕ್ಕೆ ಶೇ. 32.08ಕ್ಕೆ ಇಳಿದದ್ದನ್ನು ತೋರಿಸಿತು. ಆ ತಂಡ ಕಾಡು ಮತ್ತು ನೆಡುತೋಪನ್ನು ಬೇರೆ ಬೇರೆ ವರ್ಗಗಳಾಗಿ ಹಿಡಿದದ್ದರಿಂದಲೇ ಈ ಕುಸಿತ ಕಂಡಿತು. ಎರಡನ್ನೂ ‘ಮರ’ ಎಂದು ಸೇರಿಸಿದ್ದರೆ ಹೆಚ್ಚಿನದ್ದೆಲ್ಲ ಮುಚ್ಚಿಹೋಗುತ್ತಿತ್ತು. ಸರಿಯಾದ ವರ್ಗ ಎಂಬುದು ರೈತನಿಗೂ ಬೇಕು, ಕಾಡಿಗೂ ಬೇಕು.

ಐವತ್ತು ವರ್ಷದ ಹಿಂದೆ ಇಲ್ಲಿ ಏನಿತ್ತು ಎಂದು ಹೇಳಬಲ್ಲ, ಯಾರ ಹೆದರಿಕೆಗೂ ಬಗ್ಗದ ಸಾಕ್ಷಿ ಈ ಚಿತ್ರಗಳು. ಸಾಕ್ಷಿಯ ಮಾತನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಸ್ಥಳ ಬಲ್ಲವರು ಬೇಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ತನ್ನ 2021ರ ವಿಶ್ವ ಭೂಹೊದಿಕೆ ನಕ್ಷೆಯ ಒಟ್ಟಾರೆ ನಿಖರತೆ ಶೇ. 76.7 ಎಂದು ತಾನೇ ಪ್ರಕಟಿಸಿದೆ. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡಂತೆ. ನಮ್ಮಲ್ಲಿ ಒಂದು ಹಳ್ಳಿಯ ಹಣೆಬರಹ ಬರೆಯುವ ನಕ್ಷೆಯ ಮೂಲೆಯಲ್ಲೂ ಈ ಸಂಖ್ಯೆ, ಆ ಹಳ್ಳಿಗೆ ಅನ್ವಯಿಸುವಂತೆ, ಅಚ್ಚಾಗಿರಬೇಕು ಎಂದು ಕೇಳುವುದು ನಮ್ಮ ಹಕ್ಕು.

ನಾವು ಮಾಡಬಹುದಾದದ್ದು

ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ, ಮಣಿಪಾಲದಲ್ಲಿ ಇದೆ. ಪದವಿ ಕಾಲೇಜುಗಳಲ್ಲಿ ಭೂಗೋಳ, ಸಸ್ಯಶಾಸ್ತ್ರ, ಕಂಪ್ಯೂಟರ್ ಓದುವವರಿದ್ದಾರೆ. ಎಲ್ಲರ ಕೈಯಲ್ಲೂ ಜಿಪಿಎಸ್ ಇರುವ ಮೊಬೈಲ್ ಇದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆ್ಯಪ್ ಅನ್ನು ರಾಜ್ಯ ಸರ್ಕಾರವೇ ಕೊಟ್ಟಿದೆ. ಒಂದು ಗ್ರಾಮಕ್ಕೆ ಕೆಲವು ವಿದ್ಯಾರ್ಥಿಗಳು ಹೋಗಿ, ಊರಿನ ಹಿರಿಯರ ಜತೆ ನಡೆದು, ಇದು ಬೈಲು, ಇದು ರಬ್ಬರ್, ಇದು ಹಡಿಲು ಬಿದ್ದ ಗದ್ದೆ, ಇದು ದೇವರ ಕಾಡು, ಇದು ನಾಗಬನ, ಇದು ನಿಜವಾದ ಕಾಡು ಎಂದು ನೂರು ಬಿಂದು ಗುರುತಿಸಿದರೆ ಸಾಕು. ಯಾವ ನಕ್ಷೆ ಎಷ್ಟು ಸರಿ ಎಂದು ಆ ನೂರು ಬಿಂದುಗಳು ಹೇಳುತ್ತವೆ.

ಇದಕ್ಕೆ ಕಾನೂನಿನ ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಆ ದಾಖಲಾತಿಗೆ ಇಂಥ ಬಿಂದುಗಳನ್ನು ಸೇರಿಸಿ ಗ್ರಾಮಸಭೆಯಲ್ಲಿ ಓದಿ ಅಂಗೀಕರಿಸಿದರೆ, ಮುಂದಿನ ಕರಡು ಬಂದಾಗ ನಾವು ಕಳಿಸುವ ಆಕ್ಷೇಪಣೆ “ನಮಗೆ ಬೇಡ” ಎಂಬ ಒಂದು ಸಾಲಿನದ್ದಾಗಿರುವುದಿಲ್ಲ. “ಇಂಥ ಸರ್ವೆ ನಂಬರಿನಲ್ಲಿ ನೀವು ಕಾಡು ಎಂದದ್ದು ತೋಟ, ಇಂಥಲ್ಲಿ ಪಾಳು ಎಂದದ್ದು ಹೂ ಬಿಡುವ ಪಾದೆ, ಇಂಥಲ್ಲಿ ನೀವು ಬಿಟ್ಟದ್ದು ಉಳಿಸಲೇಬೇಕಾದ ಕಾಡು” ಎಂದು ಹೇಳಬಹುದು. ಮೂರನೆಯದನ್ನೂ ಹೇಳುವ ಪ್ರಾಮಾಣಿಕತೆ ನಮಗಿರಬೇಕು. ತೋಟ ಬಿಡಿಸಿಕೊಳ್ಳಲು ಮಾತ್ರ ನಕ್ಷೆ ತಿದ್ದುವುದಾದರೆ ನಮ್ಮ ಮಾತಿಗೂ ಬೆಲೆ ಇರುವುದಿಲ್ಲ.

ಆ ಬೇಸಿಗೆಯಲ್ಲೇ ನಾನು ಅಜ್ಜನೊಂದಿಗೆ ಮೂರು ದಿನ ಊರು ಸುತ್ತಿದೆ. ಅವರು ಕೋಲಿನಿಂದ ತೋರಿಸಿದ ಕಡೆಯೆಲ್ಲ ಮೊಬೈಲಿನಲ್ಲಿ ಬಿಂದು ಹಾಕಿದೆ. ಹೊಸ ವರ್ಗ, ಹೊಸ ಗುರುತು ಕೊಟ್ಟು ಮತ್ತೆ ನಕ್ಷೆ ಮಾಡಿದಾಗ ಹಸಿರು ಒಡೆದು ಹಲವು ಬಣ್ಣಗಳಾದವು. ತೋಟ ಬಂತು, ಬೈಲು ಬಂತು. ಗುಡ್ಡದ ಗೇರು ತೋಪು ಮಾತ್ರ ಇನ್ನೂ ಕಾಡಾಗಿಯೇ ಉಳಿದಿತ್ತು. ತೋರಿಸಿದೆ. ಅಜ್ಜ ಬಹಳ ಹೊತ್ತು ನೋಡಿದರು.

“ಅಷ್ಟು ಮೇಲಿಂದ ನೋಡಿ ಇಷ್ಟು ಹೇಳುತ್ತದಲ್ಲ, ಅದೇ ದೊಡ್ಡದು” ಎಂದರು. “ಉಳಿದದ್ದು ಗೊತ್ತಿದ್ದವರು ಹೇಳಿಕೊಡಬೇಕು. ನಾವು ಹೇಳಲಿಲ್ಲ, ಅವರು ಕೇಳಲಿಲ್ಲ.”